ಎಡಬಾಗಿಲಿನ ಕೈ

ಒರೆಸಿದಷ್ಟೂ ಆ ಕೈ ಮತ್ತೆ ಬರುತ್ತಿತ್ತು.

ಕುಕನೂರಿನ ಸಾವುಕಾರ ಗವಿಸಿದ್ದಪ್ಪನ ಕರೀ ಮೋಟಾರು ಅದು. ಈ ನಿಜಾಮ ಸೀಮೆಯ ಮೂಲೆಯಲ್ಲಿ ಮದುವೆಗೆ ಮೋಟಾರು ಬಂತೆಂದರೆ ಊರಿಗೆ ಊರೇ ಓಣಿಗೆ ಬಂದು ನಿಲ್ಲುತ್ತಿದ್ದ ಕಾಲ. ಡ್ರೈವರ್ ಕೊಟ್ರಬಸಪ್ಪ ಅದನ್ನು ಎಷ್ಟು ತಿಕ್ಕಿ ಇಟ್ಟಿದ್ದನೆಂದರೆ ಸಾವುಕಾರ ಅದರ ಬಾಗಿಲಲ್ಲೇ ಮುಖ ನೋಡಿಕೊಂಡು ತಲೆಗೆ ಪಟಗಾ ಸುತ್ತುತ್ತಿದ್ದ. ಈಗ ಹಿಂದಿನ ಎಡಬಾಗಿಲ ಮೇಲೆ, ಗಾಜಿನ ಕೆಳಗೆ, ಒಂದು ಹೆಣ್ಣಿನ ಅಂಗೈ ಮೂಡಿತ್ತು. ಬೆರಳೆಲ್ಲ ಬಿಡಿಸಿ, ಹೆಬ್ಬೆರಳು ತುಸು ಹೊರಗೆ ಬಾಗಿ. ಬೆಳಿಗ್ಗೆ ಕುಸುಬಿ ಎಣ್ಣೆ ಹಚ್ಚಿ ತಿಕ್ಕಿದರೆ ಮಾಯ. ಯಲಬುರ್ಗಿಗೆ ಹೋಗಿ ಬರುವುದರೊಳಗೆ ಅದೇ ಜಾಗದಲ್ಲಿ ಮತ್ತೆ ಹಾಜರ್, ಕೆಂಪು ಧೂಳಿನಲ್ಲಿ ಯಾರೋ ಬರೆದ ಹಾಗೆ.

ಚಾಕುವಿನಿಂದ ಕೆರೆದರೆ ಬಣ್ಣ ಏಳುತ್ತದೆ. ಎಣ್ಣೆಗೆ ಬಿಡದ ಕಲೆಯೇ ಇಲ್ಲವೆಂದು ಅವನಿಗೆ ಮೋಟಾರು ಕಲಿಸಿದ ಉಸ್ತಾದ ಹೇಳಿದ್ದ. ಅದನ್ನೇ ನಂಬಿ ಕೊಟ್ರಬಸಪ್ಪ ದಿನಾ ಎಣ್ಣೆ ಹಚ್ಚಿದ.

ಯಾರ ಕೈ ಅದು ಅಂತ ಊರಿಗೆಲ್ಲ ಗೊತ್ತಿತ್ತು. ಕಾರ್ತಿಕ ಕಳೆದ ಮೇಲೆ ಇದೇ ಮೋಟಾರು ಕೊಪ್ಪಳದಿಂದ ಕುಷ್ಟಗಿಗೆ ವಿರೂಪಾಕ್ಷಮ್ಮ ಎಂಬ ಮದುಮಗಳನ್ನು ಒಯ್ದಿತ್ತು. ಅವಳ ತಾಯಿ ಗುರುಲಿಂಗಮ್ಮ ಗಂಡ ಸತ್ತವಳು. ಶುಭಕಾರ್ಯದಲ್ಲಿ ಮುಖ ತೋರಿಸಬಾರದೆಂದು ಹಿರಿಯರು ಅನ್ನಿಸಿಕೊಂಡವರು ಅವಳನ್ನು ಅಡಿಗೆಮನೆಯಿಂದ ಹೊರಗೆ ಬಿಡಲಿಲ್ಲ. ಹೆತ್ತವಳಿಗೆ ಹೋಳಿಗೆ ಬೇಯಿಸುವ ಹಕ್ಕಿತ್ತು, ಮಗಳನ್ನು ಕಳಿಸಿಕೊಡುವ ಹಕ್ಕಿರಲಿಲ್ಲ. ಅಂಥ ಹಿರಿತನಕ್ಕೆ ಬೆಂಕಿ ಬೀಳಲಿ. ಮಗಳು ಮೋಟಾರಿನೊಳಗೆ ಕುಳಿತು, ಗಾಜಿಗೆ ಕೈಯೊತ್ತಿ, ತಾಯಿಯ ಮೇಲೆ ಹಾಕಿದ ಆ ಬಾಗಿಲನ್ನೇ ನೋಡುತ್ತ ಹೋದಳು. ವಾರ ತುಂಬುವುದರೊಳಗೆ ಕುಷ್ಟಗಿಯಲ್ಲಿ ಜ್ವರ ಬಂದು ತೀರಿಕೊಂಡಳು.

ಆಮೇಲೆ ಆ ಮೋಟಾರನ್ನು ಮದುವೆಗೆ ಕರೆಯುವವರೇ ಇಲ್ಲವಾದರು. ಅಮಾವಾಸ್ಯೆಯೊಳಗೆ ಗುರುತು ಹೋಗದಿದ್ದರೆ ಮೋಟಾರು ರಾಯಚೂರಿಗೆ ಮಾರಾಟಕ್ಕೆ, ನೀನು ನಿಮ್ಮೂರಿನ ಕಲ್ಲು ಒಡೆಯಲಿಕ್ಕೆ ಅಂತ ಸಾವುಕಾರ ಹೇಳಿಬಿಟ್ಟ.

ಕೊಟ್ರಬಸಪ್ಪನಿಗೆ ಕಲ್ಲಿನ ಭಯಕ್ಕಿಂತ ಇನ್ನೊಂದು ಭಯ ದೊಡ್ಡದಾಗಿತ್ತು. ಒಂದು ಸಂಜೆ ಯಾರೂ ಇಲ್ಲದಾಗ ಆ ಗುರುತಿನ ಮೇಲೆ ತನ್ನ ಕೈಯಿಟ್ಟು ನೋಡಿದ್ದ. ತಗಡು ಬೆಚ್ಚಗಿತ್ತು. ಬಿಸಿಲಿಗೆ ಕಾದಿರಬೇಕು ಅಂದುಕೊಂಡ. ಆದರೂ ಕೈ ತೆಗೆಯಲು ಮನಸ್ಸಾಗಲಿಲ್ಲ. ಅಂದಿನಿಂದ ತಿಕ್ಕುವಾಗ ಅವನ ಕೈ ಮೆತ್ತಗಾಯಿತು, ನಿದ್ದೆ ಹಾರಿತು. ಸತ್ತವಳ ಮೇಲೆ ಮನಸ್ಸು ಬಿತ್ತೆಂದು ಯಾರಿಗೆ ಹೇಳುವುದು?

ಕೊನೆಗೆ, ಮದುವೆಯ ದಿನ ಮೋಟಾರಿಗೆ ಅಂಟು ಹಚ್ಚಿ ಸಿಂಗರಿಸಿದವರನ್ನೇ ಕೇಳೋಣವೆಂದು ಕಿನ್ನಾಳಕ್ಕೆ ಹೊರಟ.

ಕಿನ್ನಾಳದ ಚಿತ್ರಗಾರರು ಹುಣಸೆಬೀಜ ಅರೆದು ಕುದಿಸಿದ ಅಂಟಿನಲ್ಲಿ ಗೊಂಬೆ ಕೂಡಿಸುವವರು, ಬಾಸಿಂಗ ಕಟ್ಟುವವರು. ಮದುವೆಯ ಮುಂಜಾನೆ ಮೋಟಾರಿಗೆ ಕಾಗದದ ಗಿಳಿ, ಹೂವು ಅಂಟಿಸಿದ್ದು ಅಲ್ಲಿಯ ಗಾಳೆಮ್ಮ. ತಂದೆತಾಯಿ ಇಲ್ಲದ ಹುಡುಗಿ, ಅಜ್ಜಿ ಮುದಕಮ್ಮನ ಜೋಡಿ ಇದ್ದಳು. ಅವತ್ತು ಅವನು ಬಣ್ಣ ಹಾಳಾದೀತೆಂದು ಬೆನ್ನಿಗೇ ನಿಂತಿದ್ದಕ್ಕೆ, ನಿಮ್ಮ ಮೋಟಾರಿಗೇ ತಾಳಿ ಕಟ್ಟ್ರಿ ಅಂತ ನಕ್ಕಿದ್ದಳು. ಆ ನಗು ಅವನಿಗೆ ನೆನಪಿತ್ತು. ಆದರೆ ಅವಳ ಕೈಯನ್ನು ಅವನು ನೋಡಿರಲಿಲ್ಲ.

ಮಾಗಿಯ ಚಳಿ, ಹೊತ್ತು ಆಗಷ್ಟೇ ಮೂಡಿತ್ತು. ಗಾಳೆಮ್ಮ ಬಾಗಿಲ ಗುರುತು ನೋಡಿದವಳೇ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು. ಏನು ಹಚ್ಚಿದಿರಿ ಅಂತ ಕೇಳಿದಳು. ಎಣ್ಣೆ ಅಂದ.

"ನೀರಿಗೆ ಬಿಡೋ ಅಂಟದು, ಡ್ರೈವರ್ ಸಾಹೇಬ್ರ. ಎಣ್ಣಿ ಹಚ್ಚಿ ಹಚ್ಚಿ ನೀವ ಸಾಕೀರಿ. ಮ್ಯಾಲ ಎಣ್ಣಿ ಕುಂತ್ರ ನೀರು ಇಳಿಯೂದಿಲ್ಲ, ಧೂಳಾ ಬಿಡೂದಿಲ್ಲ."

"ಕೈ ತೋರ್ಸು."

"ಯಾಕ?"

"ಇಷ್ಟು ದಿನ ನಾ ದೆವ್ವದ ಜೋಡಿ ಸಂಸಾರ ಮಾಡೀನಿ. ಒಮ್ಮೆ ತೋರ್ಸು."

ಅವಳು ಬಾಗಿಲ ಕಡೆ ತಿರುಗಿ, ಆ ಗುರುತಿನ ಮೇಲೆ ಮೆಲ್ಲಗೆ ಅಂಗೈ ಊರಿದಳು. ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಇರಲಿಲ್ಲ. ಹೆಬ್ಬೆರಳು ಹೊರಗೆ ಬಾಗಿತ್ತು.

"ನೀವು ಹಿಂದ ಹೊಳ್ಳಿ ಸುದ್ದಾ ನೋಡ್ಲಾರದ ಹೊಂಟ್ರಿ," ಅಂದಳು, ಅವನ ಮುಖ ನೋಡದೆ. "ನಾ ಬರ್ಲಿಲ್ಲಂದ್ರ ನನ್ನ ಕೈಯಾದ್ರೂ ಜೋಡಿ ಹೋಗ್ಲಿ ಅಂತ ಒತ್ತಿದ್ದೆ."

ಕೊಟ್ರಬಸಪ್ಪನ ಎದೆಯ ಮೇಲಿಂದ ಕಲ್ಲು ಇಳಿದ ಹಾಗಾಯಿತು. ಅವಳು ಕಡಲೆಹಿಟ್ಟು ಸವರಿ ಎಣ್ಣೆ ಎಳೆಸಿದಳು. ಬಿಸಿನೀರಿನ ಅರಿವೆ ಹಿಂಡಿ ಮೇಲೆ ಹೊದಿಸಿದಳು. ತುಸು ಹೊತ್ತಿಗೆ ಅಂಟು ಬೆಳ್ಳಗೆ ಉಬ್ಬಿತು. ಹೆಬ್ಬೆರಳು ಮೊದಲು ಬಿಟ್ಟಿತು, ಆಮೇಲೆ ಒಂದೊಂದೇ ಬೆರಳು. ಅವನಿಗೆ ಬೇಡ ನಿಲ್ಲಿಸು ಅನ್ನಬೇಕೆನಿಸಿತು. ಅವಳು ಕಣ್ಣಂಚಿನಲ್ಲಿ ಅದನ್ನು ಕಂಡು, ಹಚ್ಚಿದಾಕಿ ಇಲ್ಲೇ ಇದ್ದಾಳಲ್ಲ ಅಂದಳು.

ಕರೀ ಬಣ್ಣ ಮತ್ತೆ ಕನ್ನಡಿಯಾಯಿತು.

ಬಾಗಿಲಿನ ಅಂಚು ಒರೆಸಲು ಅವಳು ಒಳಗೆ ಬಗ್ಗಿದಳು. ಚಳಿಗೆ ಅವಳ ಉಸಿರು ಗಾಜಿನ ಒಳಮೈಗೆ ಮಂಜಾಗಿ ಕುಳಿತಿತು. ಆ ಮಂಜಿನಲ್ಲಿ ಇನ್ನೊಂದು ಕೈ ಎದ್ದಿತು. ಸಣ್ಣದು. ಕಿರುಬೆರಳು ಒಳಗೆ ಮಡಿಚಿತ್ತು.

ಗಾಳೆಮ್ಮ ಹಿಂದೆ ಸರಿದು ಅವನ ತೋಳು ಹಿಡಿದಳು. "ಇದು ನಂದಲ್ಲ."

ದಿನಾ ಒರೆಸುವ ಗಾಜದು. ಮಂಜು ಆರಿತು, ಕೈ ಹೋಯಿತು. ಅವಳು ಮತ್ತೆ ಊದಿದಳು, ಕೈ ಬಂತು. ಅವನು ಅರಿವೆ ಎತ್ತಿದ್ದಕ್ಕೆ ಅವಳು ತಡೆದಳು.

"ಒರಸಬ್ಯಾಡ್ರಿ. ಆಕಿ ಇನ್ನೂ ಇಳಿದಿಲ್ಲ. ತಾಯಿ ಮನಿಗೆ ಹೋಗೂಣು."

ಹೆಣ್ಣುಹುಡುಗಿ ಒಬ್ಬಳೇ ಮೋಟಾರು ಹತ್ತಿದರೆ ಊರು ಏನಂದೀತೆಂದು ಮುದಕಮ್ಮ ತಾನೂ ಹೊರಟಳು. ಮೋಟಾರು ಹತ್ತುವ ಆಸೆಯೂ ಇತ್ತೆನ್ನಿ. ಹಿಂದಿನ ಸೀಟಿನಲ್ಲಿ ಬಲಮಗ್ಗುಲಿಗೆ ಮುದುರಿ ಕುಳಿತಳು. ಆರಾಮಾಗಿ ಸರಿದು ಕೂಡ್ರಿ ಅಂತ ಕೊಟ್ರಬಸಪ್ಪ ಹೇಳಿದ.

"ಜಾಗ ಎಲ್ಲೈತಿ ತಮ್ಮಾ," ಅಂದಳು ಮುದುಕಿ, ಎಡಕ್ಕೆ ನೋಡದೆ.

ಕೊಪ್ಪಳದವರೆಗೂ ಕೊಟ್ರಬಸಪ್ಪ ಮೋಟಾರು ಕುಲುಕದ ಹಾಗೆ ಮೆಲ್ಲಗೆ ನಡೆಸಿದ.

ಗುರುಲಿಂಗಮ್ಮ ಹೊಸ್ತಿಲಲ್ಲಿ ನಿಂತು ಮೋಟಾರು ನೋಡಿದಳು. ಗಾಳೆಮ್ಮ ಅವಳ ಕಿವಿಯಲ್ಲಿ ಏನೋ ಹೇಳಿ, ಎಡಬಾಗಿಲು ತೆರೆದು ಗಾಜಿಗೆ ಊದಿದಳು. ಆ ತಾಯಿ ಕಿರುಬೆರಳನ್ನು ನೋಡಿದಳು. ಮಗಳು ತೊಟ್ಟಿಲಲ್ಲಿದ್ದಾಗಿನಿಂದ ನೋಡಿದ ಬೆರಳು. ಹೋಳಿಗೆಯ ಕಾವಿಗೆ ಸುಟ್ಟ ತನ್ನ ಅಂಗೈಯನ್ನು ಅದರ ಮೇಲೆ ಇಟ್ಟಳು.

"ಬಂದ್ಯೇನವ್ವಾ," ಅಂದಳು. "ಬಾ, ಒಳಗ ಬಾ. ಈಗ ಯಾರೂ ಬಾಗಿಲ ಹಾಕೂದಿಲ್ಲ."

ಅವಳು ಕೈ ತೆಗೆದ ಮೇಲೆ ಗಾಳೆಮ್ಮ ಮತ್ತೆ ಊದಿ ನೋಡಿದಳು. ಮಂಜು ಮಾತ್ರ ಇತ್ತು. ಗುರುಲಿಂಗಮ್ಮ ಮನೆಯೊಳಗೆ ಹೋದಳು, ಯಾರನ್ನೋ ಮುಂದೆ ಬಿಟ್ಟುಕೊಂಡು ಹೋಗುವ ಹಾಗೆ, ತುಸು ಪಕ್ಕಕ್ಕೆ ಸರಿದು.

ತಿರುಗಿ ಬರುವಾಗ ಮುದಕಮ್ಮ ಸೀಟಿನ ತುಂಬ ಕಾಲು ಚಾಚಿ ಗೊರಕೆ ಹೊಡೆದಳು.

ಕಿನ್ನಾಳದಲ್ಲಿ ಮುದುಕಿಯನ್ನು ಎಬ್ಬಿಸಿ ಇಳಿಸಿ, ಕೊಟ್ರಬಸಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತ. ಅಮಾವಾಸ್ಯೆ ಕಳೆದ ಮೇಲೆ ನಾನು ಹೆಣ್ಣು ಕೇಳಲಿಕ್ಕೆ ಬರುತ್ತೇನೆ, ನಮ್ಮವರು ನಿಮ್ಮವರು ಅಂತ ಹಿರಿಯರು ಅಡ್ಡ ಬಂದರೆ ಅವರನ್ನೂ ಅಡಿಗೆಮನೆಯಲ್ಲಿ ಕೂಡಿಹಾಕುತ್ತೇನೆ ಅಂದ. ಮುದುಕಿ ನಕ್ಕು, ಬಾರಪ್ಪ, ಬರುವಾಗ ಮೋಟಾರು ತಗೊಂಡೇ ಬಾ ಅಂತ ಒಳಗೆ ನಡೆದಳು.

ಗಾಳೆಮ್ಮ ಜಗುಲಿಯ ಮೇಲಿದ್ದ ಅಂಟಿನ ಗಡಿಗೆಯಲ್ಲಿ ಅಂಗೈ ಅದ್ದಿದಳು. ಅವನ ಖಾಕಿ ಅಂಗಿಯ ಎಡ ಎದೆಗೆ ಒತ್ತಿದಳು. ಅಂಟು ತಣ್ಣಗಿತ್ತು, ಕೈ ಬೆಚ್ಚಗಿತ್ತು.

"ಇದಕ್ಕ ಎಣ್ಣೀನೂ ಹಚ್ಚಬ್ಯಾಡ್ರಿ," ಅಂದಳು, "ನೀರೂ ಹಚ್ಚಬ್ಯಾಡ್ರಿ."