ಕರಡು ಮೇಷ್ಟ್ರು ತಿದ್ದಿದ ಒಂದು ಮಾತು

"ಅದು ನಾನು ಬರೆದ ಮಾತೇ ಅಲ್ಲ!"

ಕಿರುಚಿದ ಮೇಲಷ್ಟೇ ಆ ಹೊಸ ಲೇಖಕಿಗೆ ಬಾಯಿಯ ಮುಂದೆ ಮೈಕ್ ಇರುವುದು ನೆನಪಾಯಿತು. ಪುಸ್ತಕದಂಗಡಿಯ ಮಹಡಿಯಲ್ಲಿ ಕೂತಿದ್ದ ನಲವತ್ತು ಜನ ಒಮ್ಮೆಲೇ ಗಪ್‌ಚುಪ್! ಅಳುತ್ತಲೇ ಪ್ರಶ್ನೆ ಕೇಳಿದ್ದ ಕಾಲೇಜು ಹುಡುಗಿಯಂತೂ ಮೂಗು ಒರೆಸಿಕೊಳ್ಳುವುದನ್ನೂ ಮರೆತಳು.

"ಇಲ್ಲೇ ಇದೆಯಲ್ಲ ಅಕ್ಕಾ... ಕೊನೇ ಅಧ್ಯಾಯ ನೋಡಿ. ಗಾಜಿನ ಬಾಗಿಲು ದಾಟೋ ಮುಂಚೆ ಅವನು 'ಬರ್ತೀನಿ' ಅಂತಾನೆ. ಅಷ್ಟು ಹೇಳಿ ಹೋದವನಿಗೆ ಇವಳು ಒಂದೇ ಒಂದು ದಿನ ಕಾಯಲ್ವಾ? ಮನೆಗೆ ಹೋಗಿ ಊಟ ಮಾಡಿ ಮಲಗ್ತಾಳಾ? ಇಷ್ಟು ಕಲ್ಲು ಮನಸ್ಸಾ?"

"ಕಲ್ಲು ಮನಸ್ಸಲ್ಲ ಕಣೇ, ನಂಬಿಕೆ ಅದು! ಅವನು ಬಂದೇ ಬರ್ತಾನೆ ಅಂತ ಗೊತ್ತು, ಅದಕ್ಕೇ ನಿದ್ದೆ ಬಂತು," ಎಂದಳು ಹಿಂದಿನ ಕುರ್ಚಿಯ ಗೆಳತಿ.

"ನಂಬಿಕೆಯಂತೆ, ನಿನ್ ತಲೆ!"

ಅಷ್ಟೇ, ಸಭೆ ಎರಡು ಪಾಲಾಯಿತು. ಆ ಹುಡುಗಿಯದು ಕಲ್ಲು ಮನಸ್ಸೋ ಅಲ್ಲವೋ ಎಂದು ಮೂರು ವಾರದಿಂದ ಓದುಗರ ಫೋನಿನಲ್ಲಿ ನಡೆಯುತ್ತಿದ್ದ ಜಗಳ ಈಗ ಕುರ್ಚಿ ಹಾಕಿಕೊಂಡು ಕೂತಿತ್ತು.

ಕಥೆ ಏನೆಂದು ನಿಮಗೂ ಹೇಳಿಬಿಡುತ್ತೇನೆ. 'ಉಸಿರಿನ ಚೀಟಿ' ಅವಳ ಮೊದಲ ಕಾದಂಬರಿ. ಗಾಜಿನ ಚಾವಣಿಯ ಕೆಳಗೊಂದು ನಗರ, ಅಲ್ಲಿ ಗಾಳಿಗೂ ರೇಷನ್. ಒಂದು ಮಗು ಹುಟ್ಟಿದರೆ ಯಾರಾದರೂ ಒಬ್ಬರು ಬಾಗಿಲು ದಾಟಿ, ಗಾಳಿಯೇ ಇಲ್ಲದ ಹೊರಗೆ ಹೋಗಬೇಕು. ಹದಿನೇಳರ ಹುಡುಗಿಯೊಬ್ಬಳಿಗೆ ತಮ್ಮ ಹುಟ್ಟುತ್ತಾನೆ. ಆ ಕೂಸು ಉಸಿರಾಡಲಿ ಎಂದು ಅವಳನ್ನು ಪ್ರೀತಿಸಿದ ಹುಡುಗ ಹೊರಗೆ ಹೋಗುತ್ತಾನೆ.

ಓದಿದವರು ಸುಮ್ಮನಿರಲಿಲ್ಲ. "ಐದು ಸ್ಟಾರ್! ಅತ್ತು ಅತ್ತು ಕಣ್ಣು ಊದಿದೆ, ನಾಳೆ ಆಫೀಸಿಗೆ ರಜೆ" ಎಂದು ಒಬ್ಬಳು. "ಒಂದು ಸ್ಟಾರ್ ಕೊಟ್ಟಿದ್ದೇ ಹೆಚ್ಚು. ಉಸಿರಿಗೇ ಗತಿಯಿಲ್ಲ, ಇವರಿಗೆ ಹಾಡು ಹೇಳೋಕೆ ಗಾಳಿ ಎಲ್ಲಿಂದ ಬಂತು?" ಎಂದು ಒಬ್ಬ. ಅದನ್ನು ಓದಿ ಅವಳೂ ನಕ್ಕಿದ್ದಳು. ಆದರೆ ಈ 'ಬರ್ತೀನಿ' ಎಂಬ ಮಾತು...

ಪುಸ್ತಕದ ಕೊನೆಯ ಅಧ್ಯಾಯ ತೆರೆದಳು. ಇತ್ತು! ಅಚ್ಚಾದ ಮೇಲೆ ಆ ಪುಟವನ್ನು ಅವಳು ಇವತ್ತೇ ನೋಡುತ್ತಿದ್ದದ್ದು.

"ನಾನು ಬರೆದದ್ದು 'ಹೋಗ್ತೀನಿ' ಅಂತ," ಅಳು ನುಗ್ಗಿ ಬಂದು ಅವಳ ಧ್ವನಿ ಒಡೆಯಿತು. "ಯಾರು ಬದಲಾಯಿಸಿದ್ದು ಇದನ್ನ?"

ಕೊನೆಯ ಸಾಲಿನಲ್ಲಿ ಒಬ್ಬ ಎದ್ದು ನಿಂತ. ಮೂವತ್ತೈದರ ಆಸುಪಾಸು. ತೋಳು ಮಡಚಿದ ಅಂಗಿ, ಬಲಗೈ ಬೆರಳುಗಳಲ್ಲಿ ಕೆಂಪು ಪೆನ್ಸಿಲ್ಲಿನ ಕಲೆ.

"ನಾನು ಮೇಡಂ. ಅಚ್ಚಿನ ಮನೆಯವನು... ಕರಡು ತಿದ್ದೋನು."

ಅಚ್ಚಿನ ಮನೆಯವರು ಹೇಳುತ್ತಿದ್ದ ಕರಡು ಮೇಷ್ಟ್ರು! ಇವರಾ?

ನಾಲ್ಕು ತಿಂಗಳಿಂದ ಅವಳು ಈ ಮನುಷ್ಯನ ಅಕ್ಷರದ ಜೊತೆ ಬದುಕಿದ್ದಳು. ಕರಡಿನ ಅಂಚಿನಲ್ಲಿ ಅವನು ಬರೆದು ಕಳಿಸುತ್ತಿದ್ದ ಸಾಲುಗಳು ಅವಳಿಗೆ ಬಾಯಿಪಾಠ. "ಇಲ್ಲಿ ಪೂರ್ಣವಿರಾಮ ಬೇಡ, ಅವಳಿನ್ನೂ ಅಳು ಮುಗಿಸಿಲ್ಲ." "ಈ ಪುಟ ಓದುವಾಗ ಎರಡು ಸಲ ಪೆನ್ಸಿಲ್ ಕೆಳಗಿಟ್ಟೆ." ಯಾರೋ ಅರವತ್ತು ದಾಟಿದ ಹಿರಿಯರು ಎಂದುಕೊಂಡಿದ್ದಳು. ಅಷ್ಟಾದರೂ ಪ್ರತಿ ಸಲ ಕರಡಿನ ಕಟ್ಟು ಬಿಚ್ಚುವಾಗ ಎದೆ ಯಾಕೆ ಹೊಡೆದುಕೊಳ್ಳುತ್ತದೆ ಎಂದು ತನ್ನನ್ನೇ ಬೈದುಕೊಂಡಿದ್ದಳು.

"ನಿಮಗೆ ಯಾರು ಕೊಟ್ಟರು ಅಧಿಕಾರ?"

ಅವನು ಏನೋ ಹೇಳಲು ಹೋಗಿ ನುಂಗಿಕೊಂಡ. "ತಪ್ಪಾಯ್ತು ಮೇಡಂ. ಮನೆಯಿಂದ ಹೊರಡೋರು ಯಾರೂ ಬರೀ 'ಹೋಗ್ತೀನಿ' ಅನ್ನಲ್ಲ ಅಂತ..."

"ಅನ್ನೋರು ಇದ್ದಾರೆ!"

ಅಷ್ಟು ಹೇಳಿ ಅವಳು ಮೆಟ್ಟಿಲಿಳಿದು ಹೊರಟೇಬಿಟ್ಟಳು.

ಹೌದು, ಇದ್ದಾರೆ. ಅವಳಿಗೆ ಹನ್ನೊಂದು ವರ್ಷವಿದ್ದಾಗ ಅಪ್ಪ ಒಂದು ಬ್ಯಾಗು ಹಿಡಿದು ಹೊಸ್ತಿಲ ಬಳಿ ನಿಂತು "ಹೋಗ್ತೀನಿ" ಅಂದಿದ್ದ. "ಬಾಯಿ ತಪ್ಪಿ ಅಂದ್ರು ಕಣೇ ಪುಟ್ಟಿ, ಬರ್ತಾರೆ" ಎಂದು ಅಮ್ಮ ವರ್ಷಗಟ್ಟಲೆ ಬಾಗಿಲ ಸದ್ದಿಗೆ ಬೆಚ್ಚಿ ಏಳುತ್ತಿದ್ದಳು. ಅಪ್ಪ ಬರಲಿಲ್ಲ. ಇನ್ನೊಂದು ಊರಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡು ಆರಾಮಾಗಿದ್ದ.

ಯಾವ ಹುಡುಗಿಯೂ ಹಾಗೆ ಕಾಯಬಾರದು. ಹೋಗುವವನು ಹೋಗುತ್ತೇನೆ ಎಂದ ಮೇಲೆ ಅವಳು ಮನೆಗೆ ತಿರುಗಿ ಬಂದು ಉಂಡು ಮಲಗಬೇಕು. ಅದನ್ನು ಹೇಳಲೆಂದೇ ಬರೆದ ಕಥೆಯಲ್ಲಿ ಇವನೊಬ್ಬ ಪೆನ್ಸಿಲ್ ಆಡಿಸಿ, ಅವಳ ಹುಡುಗಿಯನ್ನು ಜನರ ಬಾಯಲ್ಲಿ ಕಲ್ಲು ಮನಸ್ಸಿನವಳು ಮಾಡಿಬಿಟ್ಟಿದ್ದ!

ಎರಡು ದಿನವಾದ ಮೇಲೆ, ಅವಳು ಕೆಲಸ ಮಾಡುವ ಕನ್ನಡಕದಂಗಡಿಗೆ ಪ್ರಕಾಶಕಿಯ ಫೋನ್ ಬಂತು. ಆ ಹೆಂಗಸನ್ನು ಅಚ್ಚಿನ ಮನೆಯಲ್ಲಿ ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ.

"ನೋಡಮ್ಮ, ಜನ ಜಗಳಾಡ್ತಾ ಆಡ್ತಾನೇ ಪುಸ್ತಕ ಖಾಲಿ ಮಾಡಿದ್ರು. ಎರಡನೇ ಮುದ್ರಣ ಶುಕ್ರವಾರ ನಾಲ್ಕು ಗಂಟೆಗೆ ಮಷೀನಿಗೆ ಹೋಗುತ್ತೆ. ಯಾವ ಮಾತು ಇರಬೇಕು ಅಂತ ನೀನೇ ಬರೆದುಕೊಡು. ಹಳೇ ಕರಡು ಮನೆಗೆ ಕಳಿಸಿದ್ದೀನಿ."

"ನನ್ನ ಮಾತೇ ಇರಬೇಕು ದೊಡ್ಡಮ್ಮ. ಅದರಲ್ಲಿ ಕೇಳೋದೇನಿದೆ?"

"ಸರಿ. ಹಾಗಾದ್ರೆ ಮೇಷ್ಟ್ರು ಕೆಲಸ ಬಿಡ್ತಾನಂತೆ. ಬರೆದವರ ಮಾತು ಕೆಡಿಸಿದ ಕೈ ಪೆನ್ಸಿಲ್ ಹಿಡೀಬಾರದು ಅಂತಾನೆ. ನಾನೂ ಬೈದು ನೋಡ್ದೆ, ಕಿವಿಗೇ ಹಾಕ್ಕೊಳ್ಳಲ್ಲ."

ಬಿಟ್ಟರೆ ಬಿಡಲಿ! ಎಂದುಕೊಂಡಳು. ಆದರೆ ಆ ಸಂಜೆ ಒಬ್ಬ ಗಿರಾಕಿಗೆ ಓದುವ ಕನ್ನಡಕದ ಬದಲು ದೂರದ ಕನ್ನಡಕ ಕೊಟ್ಟು ಕಳಿಸಿ, ಮಾಲೀಕರಿಂದ ಚೆನ್ನಾಗಿ ಬೈಸಿಕೊಂಡಳು.

ಮನೆಗೆ ಬಂದಾಗ ಅಮ್ಮ ಕಿಟಕಿಯ ಪಕ್ಕ ಕೂತು ಅದೇ ಕಾದಂಬರಿಯ ಕೊನೆಯ ಪುಟ ಓದುತ್ತಿದ್ದಳು.

"ಹೇಗಿದೆ ಅಮ್ಮಾ?"

"ಗಾಳಿ, ರೇಷನ್ನು... ಅದೆಲ್ಲ ನನ್ನ ತಲೆಗೆ ಹೋಗಲಿಲ್ಲ ಮಾರಾಯ್ತಿ. ಆದ್ರೆ ಈ ಹುಡುಗ 'ಬರ್ತೀನಿ' ಅಂದನಲ್ಲ, ಇಡೀ ಪುಸ್ತಕದಲ್ಲಿ ಅದೊಂದು ಮಾತು ಚೆನ್ನಾಗಿ ಬರೆದಿದ್ದೀಯ."

ಅವಳಿಗೆ ಮುಖಕ್ಕೆ ಹೊಡೆದಂತಾಯಿತು. "ಬರಲೇ ಇಲ್ವಲ್ಲಮ್ಮಾ ಅವನು! ಸುಳ್ಳು ಹೇಳಿ ಹೋದ."

"ಸುಳ್ಳು ಯಾಕಾಗುತ್ತೆ? ಪಾಪ, ಬರಬೇಕು ಅಂತ ಆಸೆ ಇತ್ತು, ಆಗಲಿಲ್ಲ. ನಿಮ್ಮಪ್ಪನಿಗೆ ಬರೋದಕ್ಕೆ ಆಗುತ್ತಿತ್ತು, ಆಸೆ ಇರಲಿಲ್ಲ." ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಹೋಗೋರೆಲ್ಲ ನಿಮ್ಮಪ್ಪನ ಥರ ಅಲ್ಲ ಪುಟ್ಟಿ. ನಾನು ಅತ್ತೂ ಅತ್ತೂ ನಿನಗೆ ಅದನ್ನೇ ಕಲಿಸಿಬಿಟ್ಟೆ ಅನ್ನಿಸುತ್ತೆ."

ಅವಳು ಕೋಣೆಗೆ ಹೋಗಿ, ದೊಡ್ಡಮ್ಮ ಕಳಿಸಿದ ಕಟ್ಟು ಬಿಚ್ಚಿ, ಕೊನೆಯ ಅಧ್ಯಾಯದ ಹಳೇ ಕರಡು ತೆಗೆದಳು.

ಅಂಚಿನಲ್ಲಿ ಕೆಂಪು ಅಕ್ಷರ. "ಇಲ್ಲಿ 'ಬರ್ತೀನಿ' ಎಂದು ತಿದ್ದಿದ್ದೇನೆ. ನನ್ನ ಕೈ ಕೇಳಲಿಲ್ಲ, ಕ್ಷಮಿಸಿ. ಬೇಡವಾದರೆ ದಯವಿಟ್ಟು ಹೊಡೆದುಹಾಕಿ, ನೀವು ಬರೆದದ್ದೇ ಇರಲಿ."

ಅದರ ಕೆಳಗೆ ನೀಲಿ ಶಾಯಿಯಲ್ಲಿ, 'ಒಪ್ಪಿದ್ದೇನೆ' ಎಂಬ ಮಾತಿನ ಪಕ್ಕದಲ್ಲಿ, ಅವಳದೇ ಸಹಿ!

ಅಯ್ಯೋ... ಆ ಪುಟವನ್ನು ಮತ್ತೆ ಓದುವ ಧೈರ್ಯವಿಲ್ಲದೆ ಕಣ್ಣು ಮುಚ್ಚಿಕೊಂಡು ಸಹಿ ಹಾಕಿದ್ದಳು. ನಲವತ್ತು ಜನರ ಮುಂದೆ ಅವನು ಇದನ್ನು ಹೇಳಬಹುದಿತ್ತು. ಹೇಳಲಿಲ್ಲ. ಅವಳು ಎಲ್ಲರೆದುರು ಗದರಿದ್ದನ್ನು ಹೊಟ್ಟೆಗೆ ಹಾಕಿಕೊಂಡು ನಿಂತಿದ್ದ.

ಶುಕ್ರವಾರ ಮೂರು ಗಂಟೆಗೆ ಅವಳು ಅಚ್ಚಿನ ಮನೆಯ ಮೆಟ್ಟಿಲು ಹತ್ತಿದಳು. ಕರಡಿನ ಕೋಣೆ ಎಂದರೆ ಒಂದು ಮೇಜು, ಎರಡು ಕುರ್ಚಿ, ಬೆನ್ನು ಹರಿದ ನಿಘಂಟುಗಳು. ಹಾಳೆಗಳು ಹಾರುತ್ತವೆಂದು ಫ್ಯಾನ್ ಹಾಕಿರಲಿಲ್ಲ. ಅವನು ಬೆವರುತ್ತಾ, ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು ಓದುತ್ತಿದ್ದ.

ಅವಳನ್ನು ಕಂಡು ಧಡಕ್ಕನೆ ಎದ್ದ. "ಬನ್ನಿ ಮೇಡಂ. ನಾನೇ ಸರಿ ಮಾಡಿಟ್ಟಿದ್ದೀನಿ. ನಿಮ್ಮ ಮಾತೇ ಹಾಕಿದ್ದೀನಿ, ನೋಡಿ ಒಂದು ಸಹಿ..."

"ಮೇಷ್ಟ್ರೇ, ಅವತ್ತು ಯಾಕೆ ಸುಮ್ಮನಿದ್ರಿ? ನಾನೇ ಸಹಿ ಹಾಕಿದ್ದೆ ಅಂತ ಯಾಕೆ ಹೇಳಲಿಲ್ಲ?"

"ನೀವು ಆಗಲೇ ಅಳ್ತಾ ಇದ್ರಿ."

ಇಷ್ಟೇ ಉತ್ತರ! ಅವಳು ಎದುರಿನ ಕುರ್ಚಿಯಲ್ಲಿ ಕುಸಿದು ಕೂತಳು.

"ಕೈ ಕೇಳಲಿಲ್ಲ ಅಂತ ಬರೆದಿದ್ರಿ... ಯಾಕೆ?"

ಅವನು ಸ್ಕೇಲನ್ನು ಪಕ್ಕಕ್ಕೆ ಸರಿಸಿದ. "ನನ್ನ ಹೆಂಡ್ತಿ..." ಎಂದ.

ಅವಳ ಎದೆ ಧಸಕ್ಕೆಂದಿತು. ಮದುವೆ ಆಗಿದೆಯಾ...

"ನಾಲ್ಕು ವರ್ಷದ ಹಿಂದೆ. ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋಗ್ತಿದ್ರು. ಅವಳು ನನ್ನ ಕೈ ಬಿಟ್ಟು 'ಹೋಗ್ತೀನಿ ಕಣೋ' ಅಂದ್ಲು. ನಾನು ಬೈದೆ. ಹಾಗನ್ನಬಾರದು, ಬರ್ತೀನಿ ಅನ್ನು ಅಂದೆ. ಅವಳು ನಕ್ಕು, 'ಆಯ್ತಪ್ಪಾ ಪಂಡಿತ, ಬರ್ತೀನಿ' ಅಂದ್ಲು..."

ಅವನು ಸ್ಕೇಲನ್ನು ಮತ್ತೆ ಕೈಗೆತ್ತಿಕೊಂಡ.

"ಬರಲಿಲ್ಲ ಮೇಡಂ. ಅವಳು ಸರಿಯಾಗಿಯೇ ಹೇಳಿದ್ಲು. ಕೊನೇ ಮಾತನ್ನೂ ತಿದ್ದಿ, ಅವಳ ಬಾಯಲ್ಲಿ ಸುಳ್ಳು ಹೇಳಿಸಿ ಕಳಿಸಿದೋನು ನಾನು. ಆಮೇಲೆ ಎಲ್ಲೇ ಆ ಮಾತು ಕಂಡ್ರೂ ಪೆನ್ಸಿಲ್ ತಾನಾಗಿ ಓಡುತ್ತೆ. ಇಂಥವನು ಈ ಕೆಲಸದಲ್ಲಿ ಇರಬಾರದು."

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಇಷ್ಟು ವರ್ಷ, ಹೋಗುವವರ ಮೇಲೆ ಅವಳು ಸಾಕಿಕೊಂಡು ಬಂದಿದ್ದ ಸಿಟ್ಟಿಗೆ ನಗುತ್ತಾ ಹೋದ ಈ ಹೆಣ್ಣಿನ ಮುಂದೆ ಜಾಗವೇ ಇರಲಿಲ್ಲ.

"ಅವರು ಸುಳ್ಳು ಹೇಳಲಿಲ್ಲ ಮೇಷ್ಟ್ರೇ," ಎಂದಳು ಮೆಲ್ಲಗೆ. "ನಗ್ತಾ ಹೇಳಿದ್ರು ಅಂದ್ರಲ್ಲ. ನಿಜವಾಗ್ಲೂ ಬರಬೇಕು ಅಂತಲೇ ಇದ್ರು. ಆಗಲಿಲ್ಲ... ಅಷ್ಟೇ."

ಆಮೇಲೆ ಅವನ ಕೆಂಪು ಪೆನ್ಸಿಲ್ಲನ್ನು ಅವಳೇ ಎತ್ತಿಕೊಂಡು, ಹೊಸ ಕರಡಿನಲ್ಲಿ 'ಹೋಗ್ತೀನಿ' ಎಂಬುದನ್ನು ಹೊಡೆದು, ಪಕ್ಕದಲ್ಲಿ 'ಬರ್ತೀನಿ' ಎಂದು ಬರೆದು ಸಹಿ ಹಾಕಿದಳು. ಈ ಸಲ ಓದಿಯೇ ಹಾಕಿದಳು.

"ಮೇಡಂ, ಜನ ಮತ್ತೆ ಬೈತಾರೆ..."

"ಬೈಯಲಿ ಬಿಡಿ. ನನ್ನ ಹುಡುಗಿ ಕಾಯಲ್ಲ. ಆದ್ರೆ ಆ ಹುಡುಗನಿಗೆ ಆಸೆ ಇತ್ತು ಅನ್ನೋದು ಅವಳಿಗೆ ಗೊತ್ತಿರಲಿ. ನೀವು ಕೆಲಸ ಬಿಡೋ ಹಾಗಿಲ್ಲ."

ಅವನು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ನಾಲ್ಕು ವರ್ಷದ ಅಳು ಅದು, ಬೇಗ ಮುಗಿಯುವಂಥದ್ದಲ್ಲ. ತಿದ್ದಿದ ಹಾಳೆ ಕೆಳಗೆ ಹೋಗಿ, ನಾಲ್ಕಕ್ಕೆ ಮಷೀನು ಶುರುವಾದಾಗ ನೆಲ ಸಣ್ಣಗೆ ಅದುರತೊಡಗಿತು.

"ಇನ್ನೊಂದು ಹೇಳಬೇಕಿತ್ತು," ಎಂದಳು ಅವಳು, ತಲೆ ತಗ್ಗಿಸಿ. "ಮೂರನೇ ಅಧ್ಯಾಯದಿಂದ ನಾನು... ಬೇಕು ಬೇಕು ಅಂತಲೇ ತಪ್ಪು ಬರೀತಿದ್ದೆ. ನೀವು ತಿದ್ದಿ ಅಂಚಲ್ಲಿ ಏನಾದ್ರೂ ಬರೀಲಿ ಅಂತ."

ಅವನು ಅಳುವಿನ ನಡುವೆಯೇ ತಲೆಯೆತ್ತಿದ. "ಗೊತ್ತಿತ್ತು. 'ಕಣ್ಣು' ಅನ್ನೋಕೆ ಯಾರಾದ್ರೂ ಆರು ಸಲ ಒತ್ತು ಬಿಡ್ತಾರಾ?"

"ಗೊತ್ತಿದ್ದೂ ಸುಮ್ಮನಿದ್ರಾ?"

"ಏಳನೇ ಸಲಕ್ಕೆ ಕಾಯ್ತಿದ್ದೆ." ಹೇಳಿದವನೇ ತನ್ನ ಮಾತಿಗೆ ತಾನೇ ಹೆದರಿದವನಂತೆ ಮುಖ ತಿರುಗಿಸಿದ. "ಆದ್ರೆ ಮೇಡಂ... ನನಗೆ ಅವಳನ್ನ ಮರೆಯೋಕಾಗಲ್ಲ."

"ಮರೀರಿ ಅಂತ ಯಾರಂದ್ರು?" ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಪೆನ್ಸಿಲ್ ಕಲೆಯ ಆ ಕೈಯ ಮೇಲೆ ತನ್ನ ಕೈ ಇಟ್ಟಳು. "ಅವರ ವಿಷಯ ಹೇಳಿ. ಹೇಗಿದ್ರು?"

"ಎಲ್ಲಾನೂ ಹೇಳಬೇಕಾ?"

"ಎಲ್ಲಾನೂ."

"ತುಂಬಾ ಹೊತ್ತಾಗುತ್ತೆ..."

"ಆಗಲಿ," ಎಂದಳು ಅವಳು.