ಹನಿಯೊಳಗಿನ ಹಿಂಡು

“ದೂರ ನಿಲ್ಲರಿ! ಮುಟ್ಟಬ್ಯಾಡ್ರಿ!”

ಹೆಗಲಿನ ಬ್ಯಾಗ್ ಜೋಲಾಡಿಸುತ್ತ ಮೈಕ್ರೋಸ್ಕೋಪಿನತ್ತ ಬಾಗಿದ್ದ ಸುಮಂಗಲಾ ಬೆಚ್ಚಿ ಹಿಂದೆ ಸರಿದಳು.

ವಿಜಯಪುರದ ಆ ಪ್ರಯೋಗಾಲಯದಲ್ಲಿ ಅವಳ ಮೊದಲ ದಿನ ಅದು. ಕೂಗಿದವನು ಜೊತೆಗೆ ಸಂಶೋಧನೆ ಮಾಡಬೇಕಿದ್ದ ಅಮೋಘಸಿದ್ದ, ಬಿಜ್ಜರಗಿಯ ಕುರಿಗಾರರ ಮನೆಯ ಹುಡುಗ. ಅವಳ ಮುಖ ನೋಡಿದ್ದೇ ಅವನು ಕಣ್ಣು ತಗ್ಗಿಸಿ ನಿಂತುಬಿಟ್ಟ.

ದೂರ ನಿಲ್ಲು... ಊರ ಬಾವಿಯ ಹತ್ತಿರ ಅಜ್ಜಿ ತಿಪ್ಪವ್ವ ಜೀವನವಿಡೀ ಕೇಳಿದ್ದ ಮಾತು. ಇಲ್ಲಿಯೂ ಅದೇನಾ?

“ಹೆಂಗಿತ್ತವಾ ಮೊದಲ್ನೇ ದಿನ?” ಜಲನಗರದ ಮನೆಯಲ್ಲಿ ಅಪ್ಪ ಕೇಳಿದರು.

“ಛಲೋ ಇತ್ತಪ್ಪಾ.”

ಗೋಡೆಯ ಮೇಲಿನ ಬುದ್ಧ ಕಣ್ಣು ಮುಚ್ಚಿಕೊಂಡೇ ಇದ್ದ.

ವಾರವೆಲ್ಲ ಅವಳು ಗ್ರಂಥಾಲಯದಲ್ಲೇ ಕಳೆದಳು. ಅವನು ಬಾಗಿಲ ತನಕ ಬರುತ್ತಿದ್ದ, ಮಾತಿಲ್ಲದೆ ಮರಳುತ್ತಿದ್ದ. ಕೊನೆಗೆ ಅವಳೇ ಹೋದಳು.

“ನಾನು ಬ್ಯಾರೆ ಕಡೆ ಕೆಲಸ ನೋಡ್ಕೋತೀನ್ರಿ. ನಿಮಗೂ ಆರಾಮ.”

ಅವನ ಮುಖ ಬಾಡಿತು. “ಹೋಗೂದಕ್ಕ ಮೊದಲ... ಒಮ್ಮೆ ನೋಡ್ರಿ.”

ಪರದೆಯ ಮೇಲೆ ಒಂದೇ ಒಂದು ಹನಿ ನೀರು. ಅದರೊಳಗೆ ಕೂದಲಿಗಿಂತ ಸಣ್ಣ, ಈಜುವ ಕಬ್ಬಿಣದ ಕಣಗಳು, ಒಂದೊಂದೂ ತನ್ನಷ್ಟಕ್ಕೆ ಗಿರಗಿರ ತಿರುಗುತ್ತಿತ್ತು. ಅವನು ಕಾಂತಕ್ಷೇತ್ರ ಏರಿಸಿದ. ಒಂದು ಇನ್ನೊಂದರ ಪಕ್ಕಕ್ಕೆ ಬಂತು, ಅದು ಮತ್ತೊಂದರ ಪಕ್ಕಕ್ಕೆ... ನೋಡನೋಡುತ್ತ ಎಲ್ಲವೂ ಮೋಡದ ನೆರಳಿನಂತೆ ಒಟ್ಟಿಗೆ ಸರಿಯತೊಡಗಿದವು!

ಅವಳು ಸಿಟ್ಟು ಮರೆತಳು. “ಮುಂದಾಳು ಯಾವ್ದು?”

“ಯಾವ್ದೂ ಇಲ್ರಿ. ಬಾಜೂಕಿನದನ್ನಷ್ಟ ನೋಡ್ತಾವ. ಥೇಟ್ ನಮ್ಮ ಕುರಿ ಹಿಂಡು.” ಅವನು ಅವಳ ಹೆಗಲಿನತ್ತ ಕೈ ತೋರಿದ. “ಈಗ ನಿಮ್ಮ ಬ್ಯಾಗ್ ಇತ್ತಾಗ ತರ್ರಿ.”

ತಂದಳು. ಹಿಂಡು ಒಡೆದು ದಿಕ್ಕಾಪಾಲಾಯಿತು.

“ಯವ್ವಾ!”

“ಅದರ ಗುಂಡಿಯೊಳಗ ಅಯಸ್ಕಾಂತ ಐತ್ರಿ. ದೂರ ಅಂದಿದ್ದು ಅದಕ್ಕ.”

ಅವಳ ಕಣ್ಣು ತುಂಬಿತು. “ಇಷ್ಟ ಹೇಳಾಕ ಒಂದ ವಾರ ಬೇಕೇನ್ರಿ?”

“ಆ ಮಾತು ಎಲ್ಲಿ ನಟ್ಟಿತು ಅಂತ ನಿಮ್ಮ ಮುಖ ನೋಡಿದ ಮ್ಯಾಲೆ ತಿಳೀತು. ನಾಚಿಕಿ ಬಂತು. ತಪ್ಪಾತ್ರಿ... ನೀವು ಹತ್ರ ಬಂದ್ರ ನನ್ನ ಮಾತೂ ಹಿಂಗ ಚದರತಾವ. ಹೋಗಬ್ಯಾಡ್ರಿ. ಬರೇ ಕೆಲಸಕ್ಕ ಅಲ್ಲ... ನನಗ ನೀವು ಬೇಕ್ರಿ.”



ಅವಳು ಬ್ಯಾಗನ್ನು ಬಾಗಿಲಾಚೆ ಇಟ್ಟು ಬಂದಳು.

“ಈಗ ಎಷ್ಟ ದೂರ ನಿಲ್ಲಲ್ರಿ?”

ಅವನು ತನ್ನ ಪಕ್ಕಕ್ಕೆ ಸ್ಟೂಲ್ ಎಳೆದ. “ಇಷ್ಟ...”

“ಇನ್ನೂ ದೂರಾತು!” ಎನ್ನುತ್ತ ಅವಳು ಅದನ್ನು ಮತ್ತಷ್ಟು ಹತ್ತಿರಕ್ಕೆಳೆದು ಕುಳಿತಳು.

ಹನಿಯೊಳಗೆ ಹಿಂಡು ಮತ್ತೆ ಮೆಲ್ಲಗೆ ಕೂಡುತ್ತಿತ್ತು.