ಒಂದೇ ತೋಳಿನ ಸ್ವೆಟರ್

"ಈ ಕಂಪ್ಯೂಟರಿಗೂ ಅವನ ಮೇಲೆ ಮನಸ್ಸಾಗಿದೆ ಕಣೇ ದಾಗ್ನಿ," ಎಂದಳು ಗೂಡ್ರುನ್. "ಎಸ್ಕಿಲ್ ಎದುರಿಗಿದ್ರೆ ಸರಿಯಾಗಿ ಶುರುವಾಗತ್ತೆ. ಅವನು ಬಾಗಿಲು ದಾಟಿದ್ರೆ ಮುಖ ನೀಲಿ ಮಾಡ್ಕೊಂಡು ಕೂರತ್ತೆ."

ನಾನು ನಕ್ಕೆ. ಆಗ ನಗು ಸುಲಭವಾಗಿ ಬರುತ್ತಿತ್ತು.

ಲೆಮ್ವಿಗ್ ಊರಿನ ಬಂದರಿನ ಹಿಂದೆ ಅಮ್ಮ ಕಟ್ಟಿದ ಹೆಣಿಗೆ ಕಾರ್ಖಾನೆ ನನ್ನದು. ಕಾರ್ಖಾನೆ ಎಂದರೆ ಒಂದು ದೊಡ್ಡ ಯಂತ್ರ, ನಾನು, ಗೂಡ್ರುನ್, ಅಷ್ಟೇ. ಯಂತ್ರಕ್ಕೆ ವಿನ್ಯಾಸ ಹೇಳಿಕೊಡುವ ಪ್ರೋಗ್ರಾಂ ವಿಂಡೋಸ್ ಎಕ್ಸ್‌ಪಿ ಎಂಬ ಹಳೆಯ ವ್ಯವಸ್ಥೆ ಬಿಟ್ಟರೆ ಬೇರೇನನ್ನೂ ಒಪ್ಪದು. ಹಳೆಯ ಕಂಪ್ಯೂಟರ್ ಬೇಸಿಗೆಯ ಕೊನೆಗೆ ಕೆಟ್ಟಿತು. ಅದಕ್ಕಿಂತ ಹೊಸದೊಂದನ್ನು ತಂದು, ಇದಕ್ಕೇ ಎಕ್ಸ್‌ಪಿ ಹಾಕಿಕೊಡುತ್ತೇನೆ ಎಂದವನು ಎಸ್ಕಿಲ್. ಮೀನು ಹರಾಜಿನ ಕಟ್ಟೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು.

ಮೊದಲ ದಿನ ಅವನು ಚೀಲದಿಂದ ಹಳದಿಗಟ್ಟಿದ ಕೀಬೋರ್ಡ್ ಒಂದನ್ನು ತೆಗೆದ.

"ಹೊಸ ಕೀಬೋರ್ಡ್ ಎಕ್ಸ್‌ಪಿ ಕಣ್ಣಿಗೆ ಬೀಳೋದೇ ಇಲ್ಲ. ಇದಾದ್ರೆ ಎಕ್ಸ್‌ಪಿಗೂ ಕಂಪ್ಯೂಟರಿಗೂ ಪರಿಚಯ."

"ನಿನಗೂ ಪರಿಚಯಾನಾ?"

"ನಾನೂ ಸ್ವಲ್ಪ ಹಳೇ ಕಾಲದವನೇ," ಎಂದ. ಅವನ ಕಿವಿಯ ತುದಿ ಕೆಂಪಾಗಿದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

ಆಮೇಲೆ ವಾರಗಟ್ಟಲೆ ಬಂದ. ಅವನಿದ್ದಾಗ ಪರದೆಯ ಮೇಲೆ ಎಕ್ಸ್‌ಪಿಯ ಆ ಹಸಿರು ಗುಡ್ಡದ ಚಿತ್ರ ಮೂಡುತ್ತಿತ್ತು. "ಇನ್ನೂ ಗಟ್ಟಿ ನಿಂತಿಲ್ಲ. ಯಂತ್ರ ಓಡಿಸ್ಬೇಡ, ನಡುವೆ ನಿಂತ್ರೆ ಸೂಜಿ ಮುರೀತಾವೆ," ಎನ್ನುತ್ತಿದ್ದ. ಬೆಳಿಗ್ಗೆ ನಾನು ಹಾಕಿದರೆ ಕೆಟ್ಟು ನಿಂತ ನೀಲಿ ಪರದೆ. ಮತ್ತೆ ಫೋನ್, ಮತ್ತೆ ಅವನು, ಮತ್ತೆ ಕಾಫಿ. ಕಪ್ ಕೊಡುವಾಗ ಬೆರಳು ತಾಗಿದರೆ ಇಬ್ಬರೂ ಕಂಪ್ಯೂಟರ್ ಕಡೆ ನೋಡುತ್ತಿದ್ದೆವು.

ಕೆಲಸವಿಲ್ಲದ ಕೈ ಸುಮ್ಮನಿರದು. ಬೂದು ಉಣ್ಣೆಯಲ್ಲಿ ಒಂದು ಸ್ವೆಟರ್ ಶುರುಮಾಡಿದೆ. ಅಳತೆಗೆ ಟೇಪು ಬೇಕಾಗಲಿಲ್ಲ.

"ಮದ್ವೆಗೆ ಮುಂಚೆ ಗಂಡಸಿಗೆ ಸ್ವೆಟರ್ ಹೆಣಿಬಾರದು," ಎಂದಳು ಗೂಡ್ರುನ್. "ಎರಡನೇ ತೋಳು ಮುಗಿಯೋದ್ರೊಳಗೆ ಓಡಿಹೋಗ್ತಾನೆ."

"ಒಂದೇ ತೋಳಲ್ಲಿ ನಿಲ್ಲಿಸ್ತೀನಿ ಬಿಡು."

ಗುರುವಾರ, ಪ್ರತಿ ವರ್ಷ ನಮ್ಮ ಸ್ವೆಟರ್ ಕೊಳ್ಳುವ ಓರ್ಹುಸ್ ಪಟ್ಟಣದ ಅಂಗಡಿಯವರು ಫೋನ್ ಮಾಡಿದರು. ಇನ್ನು ಕಾಯಲಾರೆವು, ಚಳಿಗಾಲದ ಸ್ವೆಟರ್‌ಗಳ ಆರ್ಡರನ್ನು ಬೇರೆಯವರಿಗೆ ಕೊಟ್ಟಿದ್ದೇವೆ ಎಂದರು. ನಮ್ಮ ವರ್ಷದ ಅನ್ನ ಅದು. ವಸಂತದವರೆಗೆ ಕೆಲಸವಿಲ್ಲ ಎಂದು ಗೂಡ್ರುನ್‌ಗೆ ಹೇಳಿದೆ. ಅವಳು ಕೋಟು ಹಾಕಿಕೊಂಡಳು. ಗುಂಡಿಗಳನ್ನು ತಪ್ಪು ತೂತಿಗೆ ಹಾಕಿಕೊಂಡದ್ದು ಅವಳಿಗೆ ಗೊತ್ತಾಗಲೇ ಇಲ್ಲ.

ಅವಳು ಹೋದ ಮೇಲೆ ಆ ಹಳದಿ ಕೀಬೋರ್ಡಿನ ಮುಂದೆ ಕುಳಿತೆ. ಹೆಣಿಗೆ ಕಲಿತವರು ಇನ್ನೊಬ್ಬರ ಬೆರಳು ನೋಡಿಯೇ ಕಲಿಯುತ್ತಾರೆ. ಎಸ್ಕಿಲ್ ಬಂದ ಕೂಡಲೇ ಅವನ ಬೆರಳು ಹೋಗುತ್ತಿದ್ದ ದಾರಿ ನನ್ನ ಕೈಗೆ ಗೊತ್ತಿತ್ತು. ಕಂಪ್ಯೂಟರ್ ಕಣ್ಣು ಬಿಡುವ ಮೊದಲೇ ಮೂಲೆಯ ಕೀ, ಕೆಳಗೆ, ಕೆಳಗೆ, ಎಂಟರ್. ಸೆಟ್ಟಿಂಗ್ ಪಟ್ಟಿ ತೆರೆದು, ಡಿಸ್ಕನ್ನು ಹಳೇ ರೀತಿ ಓದಲೋ ಹೊಸ ರೀತಿ ಓದಲೋ ಎಂದು ಅದು ಕೇಳಿತು. ಹಳೇ ರೀತಿ ಎಂದೆ.

ಹಸಿರು ಗುಡ್ಡ ಬಂತು.

ಆರಿಸಿ ಮತ್ತೆ ಹಾಕಿದೆ. ಮತ್ತೆ ಬಂತು. ಆಮೇಲೆ ಅವನು ಹೊರಡುವಾಗ ಮಾಡುತ್ತಿದ್ದುದನ್ನು ಮಾಡಿದೆ. ಅದೇ ಕೀಗಳು, ಉತ್ತರ ಮಾತ್ರ ಹೊಸ ರೀತಿ. ನೀಲಿ ಪರದೆ.

ದಿನಾ ಹೊರಡುವಾಗ ಅದನ್ನು ಕೆಡಿಸಿ ಹೋಗುತ್ತಿದ್ದವನು ಅವನೇ. ಅಷ್ಟು ದಿನ ನಾನು ಅವನಿಗೆ ಬಿಸಿ ಕಾಫಿ ಕೊಟ್ಟಿದ್ದೆ.

ಮರುದಿನ ಅವನು ದಾಲ್ಚಿನ್ನಿ ಬನ್ ಹಿಡಿದು ಬಂದ. ಪರದೆಯ ಮೇಲಿನ ಗುಡ್ಡ ನೋಡಿ ಬಾಗಿಲಲ್ಲೇ ನಿಂತ.

"ಯಾವತ್ತು ಮುಗಿಸಿದ್ದೆ?" ಎಂದೆ.

"ಮೊದಲನೇ ವಾರಾನೇ." ಬನ್ನಿನ ಪೊಟ್ಟಣವನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. "ಕೆಲಸ ಮುಗೀತು ಅಂದ್ರೆ ಮತ್ತೆ ಇಲ್ಲಿಗೆ ಬರೋಕೆ ನನಗೇನು ನೆಪ ಇತ್ತು, ದಾಗ್ನಿ?"

"ಕಾಫಿಗೆ ಬರ್ಲಾ ಅಂದಿದ್ರೆ ಸಾಕಿತ್ತು."

"ಬೇಡ ಅಂದುಬಿಟ್ರೆ ಅಂತ ಹೆದರಿದೆ. ನಿನ್ನ ಮೇಲೆ ಅಷ್ಟು ಪ್ರೀತಿ ನನಗೆ. ಅಂಗಡಿಯವರು ಕಾಯ್ತಾರೆ ಅಂತ ನೀನೇ ಹೇಳಿದ್ದೆ."

"ಕಾದರು. ನಿನ್ನೆಗೆ ಅವರಿಗೆ ಸಾಕಾಯ್ತು. ಗೂಡ್ರುನ್ ಕೆಲಸ ಇಲ್ಲದೆ ಮನೆಗೆ ಹೋದಳು."

ಅವನು ಗೂಡ್ರುನ್‌ಳ ಖಾಲಿ ಕುರ್ಚಿಯ ಕಡೆ ನೋಡಿದ. ನಿಜವಾಗಿ ನೊಂದಿದ್ದ. ಅದು ನನಗೆ ಇನ್ನೂ ಕಷ್ಟವಾಯಿತು.

"ನಾನು ಬೇಡ ಅಂತಿರಲಿಲ್ಲ ಎಸ್ಕಿಲ್," ಎಂದೆ. "ಆದ್ರೆ ಹೂಂ ಅನ್ನೋದು, ಬೇಡ ಅನ್ನೋದು ನನ್ನ ಕೈಲಿರಬೇಕಿತ್ತು. ಅದನ್ನೂ ನೀನೇ ದಿನಾ ಆರಿಸಿ ಹೋಗ್ತಿದ್ದೆ."

ಬುಟ್ಟಿಯಿಂದ ಬೂದು ಸ್ವೆಟರ್ ತೆಗೆದೆ. ಒಂದು ತೋಳು ಪೂರ್ತಿಯಾಗಿತ್ತು. ಯಾರಿಗೆಂದು ಅವನು ಕೇಳಲಿಲ್ಲ, ಭುಜದ ಅಗಲ ನೋಡಿಯೇ ತಿಳಿದುಕೊಂಡ.

"ಕೈ ಚಾಚು," ಎಂದೆ.

ಅವನು ಪೊಟ್ಟಣವನ್ನು ಮೇಜಿನ ಮೇಲಿಟ್ಟು ಎರಡೂ ಕೈ ಮುಂದೆ ಹಿಡಿದ. ತುದಿ ಎಳೆದು ಬಿಚ್ಚುತ್ತಾ ನೂಲನ್ನು ಅವನ ಮಣಿಕಟ್ಟುಗಳಿಗೆ ಸುತ್ತತೊಡಗಿದೆ. ತೋಳು ಹೋಯಿತು, ಎದೆ ಹೋಯಿತು. ನಾವು ಅಷ್ಟು ಹತ್ತಿರ ಅಷ್ಟು ಹೊತ್ತು ಯಾವತ್ತೂ ನಿಂತಿರಲಿಲ್ಲ. ಅವನ ಉಸಿರು ನನ್ನ ಹಣೆಗೆ ತಾಗುತ್ತಿತ್ತು. ಒಮ್ಮೆ ಮಾತ್ರ ನನ್ನ ಕೈ ನಿಂತಿತು. ಅವನು ಕಣ್ಣು ಮುಚ್ಚಿಕೊಂಡ.

"ಈ ನೂಲು ಇನ್ನು ಕೆಟ್ಟುಹೋಯ್ತಾ?" ಎಂದ.

"ಇಲ್ಲ. ಬಿಸಿನೀರಲ್ಲಿ ನೆನೆಸಿ, ಭಾರ ಕಟ್ಟಿ ಒಣಗಿಸಿದ್ರೆ ಸುಕ್ಕು ಹೋಗತ್ತೆ. ಬೇರೇನಾದ್ರೂ ಹೆಣೀಬಹುದು."

ಕೊನೆಯ ಎಳೆಯೂ ಬಂತು. ನೂಲಿನ ಲಡಿಯನ್ನು ಅವನ ಕೈಗಳಿಂದ ಮೆಲ್ಲಗೆ ಕಳಚಿಕೊಂಡೆ. ಅವನ ಕೈಗಳು ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡೇ ಇದ್ದವು.

ಕೀಬೋರ್ಡನ್ನು ಅವನು ಕೇಳಲಿಲ್ಲ, ನಾನೂ ಕೊಡಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಗೂಡ್ರುನ್‌ಗೆ ಫೋನ್ ಮಾಡಿದೆ.

"ವಾಪಸ್ ಬಾ. ಯಂತ್ರ ನಡೀತಿದೆ. ಕೊಳ್ಳೋರನ್ನ ಹೊಸದಾಗಿ ಹುಡುಕೋಣ."

"ಅವನಿದ್ದಾನಾ ಅಲ್ಲಿ?"

"ಇಲ್ಲ," ಎಂದೆ. "ಅವನಿಲ್ಲದೇನೂ ನಡೀತಿದೆ."